ರಂಗ, ತೆರೆ, ಮೈಕು: ಮೂರರಲ್ಲೂ ಬಾಳುವ ನಟನೆಗೆ ಒಂದು ಅಭ್ಯಾಸಕ್ರಮ

ಉಡುಪಿಯಲ್ಲಿ ನಾನು ನಡೆಸುವ ವಾಚಿಕ, ಎಂದರೆ ಮಾತಿನ ಅಭಿನಯದ, ತರಗತಿಗೆ ಬರುವ ಯುವತಿಯರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆಯೊಂದಿದೆ. ನಾಟಕದಲ್ಲೇ ಮುಂದುವರಿಯಬೇಕೇ, ಸಿನಿಮಾಕ್ಕೆ ಪ್ರಯತ್ನಿಸಬೇಕೇ, ಅಥವಾ ಡಬ್ಬಿಂಗ್, ಆಡಿಯೊ ಪುಸ್ತಕಗಳ ಕಡೆಗೆ ಹೊರಳಬೇಕೇ? ಮೂರನ್ನೂ ಮಾಡಿ, ಆದರೆ ಒಂದು ಕ್ರಮದಲ್ಲಿ ಮಾಡಿ ಎಂದು ನಾನು ಹೇಳುತ್ತೇನೆ. ಆ ಕ್ರಮವನ್ನು ತೋರಿಸಲು ನಾನು ಹಲವು ವರ್ಷಗಳಿಂದ ಇಂಗ್ಲಿಷ್ ನಟಿ ಜೂಲಿಯೆಟ್ ಸ್ಟೀವನ್ಸನ್ ಅವರ ವೃತ್ತಿಜೀವನವನ್ನೇ ಎದುರಿಗಿಟ್ಟುಕೊಳ್ಳುತ್ತಿದ್ದೇನೆ. 1956ರಲ್ಲಿ ಎಸೆಕ್ಸ್‌ನಲ್ಲಿ ಹುಟ್ಟಿದ ಅವರು ರಂಗಭೂಮಿ, ಚಲನಚಿತ್ರ, ಧ್ವನಿ ಎಂಬ ಮೂರು ಕ್ಷೇತ್ರಗಳಲ್ಲೂ ನಾಲ್ಕು ದಶಕ ಮೀರಿ ದುಡಿದಿದ್ದಾರೆ. ಒಂದರಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಹೇಗೆ ಒಯ್ಯಬಹುದೆಂಬುದು ಅವರ ಕೆಲಸದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಈ ಬರಹದುದ್ದಕ್ಕೂ ನೀವು ಒಂದು ಸಂಗತಿಯನ್ನು ಗಮನದಲ್ಲಿಡಬೇಕು: ಕೇಳುವವರು ನಿಮ್ಮಿಂದ ಎಷ್ಟು ದೂರದಲ್ಲಿದ್ದಾರೆ? ಸಭಾಂಗಣದ ಕೊನೆಯ ಸಾಲು ಅರುವತ್ತು ಎಪ್ಪತ್ತು ಅಡಿ ದೂರದಲ್ಲಿರಬಹುದು, ಕ್ಯಾಮರಾ ಒಂದೆರಡು ಮಾರು ದೂರದಲ್ಲಿರಬಹುದು, ಸ್ಟುಡಿಯೊದ ಮೈಕು ಒಂದು ಗೇಣಿನಲ್ಲಿರುತ್ತದೆ, ಹೆಡ್‌ಫೋನ್ ಹಾಕಿದವರ ವಿಷಯದಲ್ಲಂತೂ ನೀವು ಅವರ ಕಿವಿಯೊಳಗೇ ಕುಳಿತಿರುತ್ತೀರಿ. ಭಾವ, ಉಚ್ಚಾರ, ಉಸಿರು ಎಲ್ಲವೂ ಈ ದೂರಕ್ಕೆ ತಕ್ಕಂತೆ ಬದಲಾಗಬೇಕು. ನಾನು ಕಂಡ ಸೋಲುಗಳಲ್ಲಿ ಹೆಚ್ಚಿನವು ಪ್ರತಿಭೆಯ ಕೊರತೆಯಿಂದ ಬಂದವಲ್ಲ, ದೂರವನ್ನು ತಪ್ಪಾಗಿ ಅಳೆದದ್ದರಿಂದ ಬಂದವು.

ಮೊದಲು ರಂಗ, ಅದರಲ್ಲೂ ಸಣ್ಣ ಪಾತ್ರ

ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್‌ನಲ್ಲಿ ಕಲಿತ ಸ್ಟೀವನ್ಸನ್ 1978ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿಯನ್ನು ಸೇರಿದರು. ಆರಂಭದಲ್ಲಿ ಸಿಕ್ಕಿದವು ಸಣ್ಣ ಪಾತ್ರಗಳು. ಅದೇ ಕಂಪನಿಯಲ್ಲಿ ಅವರು ಶೇಕ್ಸ್‌ಪಿಯರ್‌ನ ನಾಯಕಿಯರ ಪಾತ್ರಗಳಿಗೆ ಏರಿದರು: 1983ರಲ್ಲಿ 'ಮೆಷರ್ ಫಾರ್ ಮೆಷರ್'ನ ಇಸಬೆಲ್ಲಾ ಆದರು, 1985ರಲ್ಲಿ 'ಆ್ಯಸ್ ಯು ಲೈಕ್ ಇಟ್'ನ ರೊಸಾಲಿಂಡ್ ಆದರು. ನಡುವಿನ ವರ್ಷಗಳು ವ್ಯರ್ಥವಾದವೆಂದು ತಿಳಿಯಬಾರದು. ಒಂದೇ ತಂಡದಲ್ಲಿ ನಿಂತು ಹಿರಿಯರ ಮಾತನ್ನು ರಾತ್ರಿಯಿಂದ ರಾತ್ರಿಗೆ ಕೇಳುವುದು ಯಾವ ತರಗತಿಯೂ ಕೊಡಲಾರದ ಶಿಕ್ಷಣ.

ನಮ್ಮಲ್ಲಿ ಅದಕ್ಕೆ ಸಮನಾದ ದಾರಿ ಇಲ್ಲವೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಉಡುಪಿಯಲ್ಲಿ 'ರಂಗಭೂಮಿ', 'ರಥಬೀದಿ ಗೆಳೆಯರು' ಮುಂತಾದ ಹವ್ಯಾಸಿ ತಂಡಗಳಿವೆ. ಮಂಗಳೂರಿನಲ್ಲಿ ಕನ್ನಡದ ಜೊತೆಗೆ ತುಳು ಮತ್ತು ಕೊಂಕಣಿ ನಾಟಕಗಳ ಜೀವಂತ ಪರಂಪರೆಯಿದೆ. ಘಟ್ಟ ಹತ್ತಿದರೆ ಹೆಗ್ಗೋಡಿನ ನೀನಾಸಮ್ 1980ರಿಂದ ರಂಗಶಿಕ್ಷಣ ಕೇಂದ್ರವನ್ನು ನಡೆಸುತ್ತಿದೆ. ಒಂದು ತಂಡವನ್ನು ಆರಿಸಿ, ಕನಿಷ್ಠ ಮೂರು ವರ್ಷ ಅಲ್ಲಿ ನಿಲ್ಲಿ. ದೊಡ್ಡ ಪಾತ್ರಕ್ಕಾಗಿ ಪ್ರತಿವರ್ಷ ತಂಡ ಬದಲಿಸುವ ಹುಡುಗಿಗೆ ಪಾತ್ರಗಳು ಸಿಗಬಹುದು, ಆದರೆ ಅವಳ ಮಾತನ್ನು ತಿದ್ದುವ ಹಿರಿಯರು ಸಿಗುವುದಿಲ್ಲ.

ರಂಗದಲ್ಲಿ ಮೊದಲು ಕಲಿಯಬೇಕಾದದ್ದು ವಾಕ್ಯದ ಕೊನೆಯನ್ನು ಕಾಪಾಡುವುದು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಕಾಲ, ಪುರುಷ, ನಿಷೇಧ ಎಲ್ಲವೂ ಅಲ್ಲೇ ಕುಳಿತಿರುತ್ತವೆ. ಉಸಿರು ಮುಗಿಯುವುದೂ ಅಲ್ಲೇ. 'ನಾನು ಅವನನ್ನು ಒಂದು ದಿನವೂ ದೂರಿದವಳಲ್ಲ' ಎಂಬ ಮಾತಿನಲ್ಲಿ ಕೊನೆಯ 'ಅಲ್ಲ' ಗಂಟಲಿನಲ್ಲೇ ಉಳಿದರೆ ಹಿಂದಿನ ಸಾಲಿನ ಪ್ರೇಕ್ಷಕರಿಗೆ ತಲುಪುವುದು ಅದರ ಪೂರಾ ವಿರುದ್ಧವಾದ ಅರ್ಥ. ಆದ್ದರಿಂದ ಹೀಗೆ ಅಭ್ಯಾಸ ಮಾಡಿ: ದೀರ್ಘ ವಾಕ್ಯವನ್ನು ತೆಗೆದುಕೊಂಡು ಮೊದಲು ಕೊನೆಯ ಪದವನ್ನು ಮಾತ್ರ ಹೇಳಿ, ಅನಂತರ ಕೊನೆಯ ಎರಡು ಪದ, ಆಮೇಲೆ ಮೂರು, ಹೀಗೆ ಹಿಂದಿನಿಂದ ಮುಂದಕ್ಕೆ ವಾಕ್ಯವನ್ನು ಕಟ್ಟುತ್ತ ಬನ್ನಿ. ಇಡೀ ವಾಕ್ಯವನ್ನು ಹೇಳುವ ಹೊತ್ತಿಗೆ ನಿಮ್ಮ ಉಸಿರು ಕ್ರಿಯಾಪದಕ್ಕಾಗಿ ತಾನಾಗಿಯೇ ಪಾಲು ತೆಗೆದಿಟ್ಟಿರುತ್ತದೆ. ಮೈಕು ಹಾಕದೆ, ಸಭಾಂಗಣದ ಕೊನೆಯ ಕುರ್ಚಿಯಲ್ಲಿ ಗೆಳತಿಯೊಬ್ಬಳನ್ನು ಕೂರಿಸಿ ಇದನ್ನು ಮಾಡಬೇಕು. ಅವಳು ಕೇಳಿಸಿಕೊಂಡು ತಿರುಗಿ ಹೇಳಬೇಕಾದದ್ದು ನಿಮ್ಮ ಕೊನೆಯ ಪದವನ್ನು ಮಾತ್ರ.

ಎದುರಾಳಿಯ ಪಾತ್ರವನ್ನೂ ಕಲಿಯಿರಿ

2016ರ ಕೊನೆಗೆ ಲಂಡನ್ನಿನ ಆಲ್ಮೈಡಾ ರಂಗಮಂದಿರದಲ್ಲಿ ರಾಬರ್ಟ್ ಐಕ್ ನಿರ್ದೇಶಿಸಿದ 'ಮೇರಿ ಸ್ಟುವರ್ಟ್' ನಾಟಕದಲ್ಲಿ ಸ್ಟೀವನ್ಸನ್ ಮತ್ತು ಲಿಯಾ ವಿಲಿಯಮ್ಸ್ ಇಬ್ಬರೂ ಎರಡೂ ರಾಣಿಯರ ಪಾತ್ರಗಳನ್ನು ಕಲಿತಿದ್ದರು. ಪ್ರತಿ ಪ್ರದರ್ಶನದ ಆರಂಭದಲ್ಲಿ ಪ್ರೇಕ್ಷಕರ ಎದುರಿಗೇ ನಾಣ್ಯ ತಿರುಗುತ್ತಿತ್ತು; ಅದು ಬಿದ್ದ ಬಗೆಯನ್ನು ನೋಡಿ ಒಬ್ಬರು ಸಿಂಹಾಸನದ ಎಲಿಜಬೆತ್ ಆಗುತ್ತಿದ್ದರು, ಇನ್ನೊಬ್ಬರು ಸೆರೆಮನೆಯ ಮೇರಿ ಆಗುತ್ತಿದ್ದರು.

ಕರಾವಳಿಯವರಿಗೆ ಇದು ಅಪರಿಚಿತವೆನಿಸಬಾರದು. ಯಕ್ಷಗಾನ ಪ್ರಸಂಗವನ್ನು ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿ, ಎಂದರೆ ಪಾತ್ರದ ಮಾತನ್ನಾಡುವವರು, ಇಂದು ಕರ್ಣನಾಗಿ ವಾದಿಸುತ್ತಾರೆ, ಮುಂದಿನ ವಾರ ಅದೇ ಪ್ರಸಂಗದಲ್ಲಿ ಕೃಷ್ಣನಾಗಿ ಕುಳಿತು ತಮ್ಮದೇ ಹಳೆಯ ವಾದವನ್ನು ಖಂಡಿಸುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಂದ ಏಳುವಂತೆಯೂ ಇಲ್ಲ. ಇರುವುದು ಮಾತು, ಮುಖ, ಭಾಗವತರ ಪದ್ಯ ಮತ್ತು ಎದುರಿಗಿರುವವರ ಪ್ರಶ್ನೆ. ಧ್ವನಿ ಕಲಾವಿದೆಯಾಗಬೇಕೆನ್ನುವ ಯಾರೇ ಆದರೂ ವರ್ಷಕ್ಕೆ ಹತ್ತು ಕೂಟಗಳನ್ನಾದರೂ ಕೊನೆಯವರೆಗೆ ಕುಳಿತು ಕೇಳಬೇಕೆಂದು ನಾನು ಒತ್ತಾಯಿಸುತ್ತೇನೆ. ಈಗ ಮಹಿಳೆಯರ ತಾಳಮದ್ದಳೆ ತಂಡಗಳೂ ಇರುವುದರಿಂದ ಕೇಳುವುದಷ್ಟೇ ಅಲ್ಲ, ಅರ್ಥ ಹೇಳುವ ಅವಕಾಶವೂ ಇದೆ. ಕೇಳುವಾಗ ಒಂದು ಕಣ್ಣು ಸುಮ್ಮನಿರುವ ಅರ್ಥಧಾರಿಯ ಮೇಲಿರಲಿ. ಎದುರಿನವರು ಮಾತನಾಡುತ್ತಿರುವಾಗ ಅವರು ಹೇಗೆ ಆಲಿಸುತ್ತಾರೆ, ಯಾವ ಪದ ಬಂದಾಗ ತಲೆ ಎತ್ತುತ್ತಾರೆ, ಉತ್ತರ ಹೇಳುವ ಮೊದಲು ಎಷ್ಟು ಹೊತ್ತು ತಡೆಯುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಕ್ಯಾಮರಾದ ಮುಂದೆ ನಿಮಗೆ ಬೇಕಾಗುವುದು ಇದೇ ಆಲಿಸುವ ವಿದ್ಯೆ.

ಕ್ಯಾಮರಾ

ರಂಗದಿಂದ ತೆರೆಗೆ ಹೋದವರಿಗೆ ಎಲ್ಲರೂ ಕೊಡುವ ಸಲಹೆ 'ಕಡಿಮೆ ಮಾಡಿ' ಎಂಬುದು. ಅದರಿಂದ ಹಾನಿಯೇ ಹೆಚ್ಚು, ಏಕೆಂದರೆ ಕಡಿಮೆ ಮಾಡಲು ಹೊರಟವರು ಭಾವವನ್ನೂ ಕಡಿಮೆ ಮಾಡುತ್ತಾರೆ. ಆಂಥೊನಿ ಮಿಂಗೆಲಾ ಅವರು ಸ್ಟೀವನ್ಸನ್ ಅವರಿಗಾಗಿಯೇ ಬರೆದು ನಿರ್ದೇಶಿಸಿದ, 1990ರ 'ಟ್ರೂಲಿ, ಮ್ಯಾಡ್‌ಲಿ, ಡೀಪ್ಲಿ' ಚಿತ್ರವನ್ನು ಒಮ್ಮೆ ನೋಡಿ. ಸಂಗಾತಿಯನ್ನು ಕಳೆದುಕೊಂಡ ನೀನಾ ಆಪ್ತಸಮಾಲೋಚಕಿಯ ಎದುರು ಕುಳಿತು ಅಳುವ ದೃಶ್ಯದಲ್ಲಿ ಕ್ಯಾಮರಾ ಮುಖದ ಹತ್ತಿರವೇ ಇದೆ. ಅವಳು ಅಂದವಾಗಿ ಅಳುವುದಿಲ್ಲ. ಮೂಗು ಸೋರುತ್ತದೆ, ಮುಖ ಕೆಂಪೇರುತ್ತದೆ, ಮಾತು ತುಂಡಾಗುತ್ತದೆ. ಅಲ್ಲಿ ಕಡಿಮೆಯಾದದ್ದೇನೂ ಇಲ್ಲ. ತೋರಿಸುವ ಪ್ರಯತ್ನ ಮಾತ್ರ ಇಲ್ಲವಾಗಿದೆ, ಏಕೆಂದರೆ ಅದನ್ನು ಅರುವತ್ತು ಅಡಿ ದೂರಕ್ಕೆ ದಾಟಿಸುವ ಅಗತ್ಯ ಅವರಿಗಿಲ್ಲ.

ಇದಕ್ಕೆ ನಾನು ಕೊಡುವ ಅಭ್ಯಾಸದ ಬೀಜವೂ ಅವರ ಇನ್ನೊಂದು ಪಾತ್ರದಲ್ಲಿದೆ. 2014ರಲ್ಲಿ ಯಂಗ್ ವಿಕ್ ರಂಗಮಂದಿರದಲ್ಲಿ ಅವರು ಸ್ಯಾಮ್ಯುಯೆಲ್ ಬೆಕೆಟ್‌ನ 'ಹ್ಯಾಪಿ ಡೇಸ್' ನಾಟಕದ ವಿನಿಯಾಗಿ ನಟಿಸಿದರು. ವಿನಿ ಮೊದಲ ಅಂಕದಲ್ಲಿ ಸೊಂಟದವರೆಗೆ, ಎರಡನೆಯ ಅಂಕದಲ್ಲಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿರುತ್ತಾಳೆ. ನಟಿಗೆ ಉಳಿಯುವುದು ಕಣ್ಣು, ಬಾಯಿ, ಧ್ವನಿ. ನೀವು ಕುರ್ಚಿಯಲ್ಲಿ ಕುಳಿತು ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟು, ತಲೆಯನ್ನು ಅಲುಗಿಸದೆ, ಪಾಠವಾದ ಒಂದು ಸ್ವಗತವನ್ನು ಹೇಳಿ. ಎದುರಿಗೆ ಫೋನನ್ನು ಮೊಳದ ದೂರದಲ್ಲಿಟ್ಟು ದಾಖಲಿಸಿಕೊಳ್ಳಿ. ಆಮೇಲೆ ಧ್ವನಿ ಬಂದ್ ಮಾಡಿ ನೋಡಿ. ಯಾವ ವಾಕ್ಯದಲ್ಲಿ ಯೋಚನೆ ಬದಲಾಯಿತೆಂಬುದು ಕಣ್ಣಿನಿಂದಲೇ ತಿಳಿಯಬೇಕು. ಹುಬ್ಬು ಮಾತ್ರ ಮೇಲೆ ಕೆಳಗೆ ಹೋಗುತ್ತಿದ್ದರೆ ನೀವಿನ್ನೂ ಕೊನೆಯ ಸಾಲಿಗೆ ನಟಿಸುತ್ತಿದ್ದೀರಿ. ತುಳು ಚಿತ್ರಗಳಲ್ಲಿ ಹಾಸ್ಯ ನಾಟಕದ ವೇಗವೇ ತೆರೆಗೂ ಬಂದಿರುವುದರಿಂದ ನಮ್ಮ ಹುಡುಗಿಯರಿಗೆ ಈ ಅಭ್ಯಾಸ ವಿಶೇಷವಾಗಿ ಬೇಕು.

ಮೈಕಿನ ಮುಂದೆ

ನಾನು ಹೆಚ್ಚು ಹೇಳಬೇಕಾದದ್ದು ಈ ಭಾಗದಲ್ಲಿ, ಏಕೆಂದರೆ ಊರು ಬಿಡದೆ ಸಂಪಾದನೆ ಸಾಧ್ಯವಾಗಿರುವುದು ಧ್ವನಿಯ ಕೆಲಸದಲ್ಲೇ.

ಸ್ಟೀವನ್ಸನ್ ಅವರಿಗೆ ಬ್ರಿಟನ್ನಿನ ರಂಗಭೂಮಿಯ ದೊಡ್ಡ ಗೌರವವಾದ ಆಲಿವಿಯೆ ಪ್ರಶಸ್ತಿಯನ್ನು 1992ರಲ್ಲಿ ತಂದ 'ಡೆತ್ ಆಂಡ್ ದಿ ಮೇಡನ್' ನಾಟಕದಲ್ಲಿ ಪೌಲಿನಾ ಎಂಬ ಹೆಂಗಸು, ಕಣ್ಣಿಗೆ ಬಟ್ಟೆ ಕಟ್ಟಿ ತನ್ನನ್ನು ಹಿಂಸಿಸಿದವನೆಂದು ಒಬ್ಬ ಅತಿಥಿಯನ್ನು ಗುರುತಿಸುವುದು ಅವನ ಧ್ವನಿಯಿಂದ. ಕಣ್ಣು ಕಾಣದಾಗ ಕಿವಿ ಎಷ್ಟನ್ನು ಹಿಡಿದಿಡುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ. ಮುಂದೆ 2020ರ ಆಗಸ್ಟ್‌ನಲ್ಲಿ, ಕೋವಿಡ್ ಕಾಲದ ನಿರ್ಬಂಧಗಳ ನಡುವೆ ಲಂಡನ್ನಿನ ಡಾನ್ಮಾರ್ ವೇರ್‌ಹೌಸ್ ಬಾಗಿಲು ತೆರೆದಾಗ, ಜೋಸೆ ಸರಮಾಗೊ ಅವರ ಕಾದಂಬರಿಯನ್ನು ಆಧರಿಸಿದ 'ಬ್ಲೈಂಡ್‌ನೆಸ್' ಪ್ರಯೋಗದಲ್ಲಿ ನಟರೇ ಇರಲಿಲ್ಲ. ಅಂತರ ಬಿಟ್ಟು ಕುಳಿತ ಪ್ರೇಕ್ಷಕರು ಹೆಡ್‌ಫೋನ್ ಹಾಕಿಕೊಂಡು ಸ್ಟೀವನ್ಸನ್ ಅವರ ಮೊದಲೇ ದಾಖಲಿಸಿದ ಧ್ವನಿಯನ್ನು ಕೇಳಿದರು. ಎರಡು ಕಿವಿಗಳ ಜಾಗದಲ್ಲಿ ಮೈಕುಗಳನ್ನಿಟ್ಟು ದಾಖಲಿಸುವ ವಿಧಾನದಿಂದಾಗಿ ಆ ಧ್ವನಿ ಒಮ್ಮೆ ಬೆನ್ನ ಹಿಂದೆ ನಡೆಯುತ್ತಿತ್ತು, ಇನ್ನೊಮ್ಮೆ ಎಡಗಿವಿಯಲ್ಲಿ ಪಿಸುಗುಡುತ್ತಿತ್ತು. ರಂಗಮಂದಿರ, ಪ್ರೇಕ್ಷಕರು, ಬೆಳಕು ಎಲ್ಲವೂ ಇದ್ದು, ದೂರ ಮಾತ್ರ ಪೂರ್ತಿ ಇಲ್ಲವಾಗಿತ್ತು.

ನಿಮಗೆ ಪ್ರಾರಂಭಕ್ಕೆ ಒಳ್ಳೆಯ ಬಾಗಿಲು ಆಕಾಶವಾಣಿ. ಮಂಗಳೂರು ನಿಲಯ 1976ರಿಂದ ನಡೆಯುತ್ತಿದೆ. ನಾಟಕ ಕಲಾವಿದರಿಗೆ ಅಲ್ಲಿ ಧ್ವನಿಪರೀಕ್ಷೆ ಇರುತ್ತದೆ. ಅರ್ಜಿ ಕರೆದಾಗ ತಪ್ಪಿಸಬೇಡಿ. ಬಾನುಲಿ ನಾಟಕದಲ್ಲಿ ನಾಲ್ಕೈದು ಜನ ಒಂದೇ ಮೈಕಿನ ಸುತ್ತ ನಿಂತು, ಹಾಳೆಯ ಸದ್ದಾಗದಂತೆ ಪುಟ ತಿರುವುತ್ತ, ಹೆಜ್ಜೆ ಹಿಂದಿಟ್ಟು ದೂರವನ್ನು ಸೂಚಿಸುವುದನ್ನು ಕಲಿತವರಿಗೆ ಮುಂದಿನ ಎಲ್ಲ ಕೆಲಸವೂ ಹಗುರವಾಗುತ್ತದೆ.

ಡಬ್ಬಿಂಗ್ ಬೇರೆಯೇ ಕಸುಬು. ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಅಘೋಷಿತ ತಡೆಯಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅದರ ವಿರುದ್ಧ ಆದೇಶ ನೀಡಿದ ಮೇಲೆ ಬಾಗಿಲು ತೆರೆಯಿತು, ಧ್ವನಿ ಕಲಾವಿದರಿಗೆ ಬೇಡಿಕೆ ಬಂತು. ಇಲ್ಲಿ ಮುಖ್ಯವಾದದ್ದು ತುಟಿ. ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು, ಆದ್ದರಿಂದ ತೆರೆಯ ಮೇಲಿನ ತುಟಿ ಮುಚ್ಚಿದಾಗ ನಿಮ್ಮ ಮಾತಿನಲ್ಲೂ ಅವುಗಳಲ್ಲೊಂದು ಬಂದರೆ ಮಾತು ಕೂಡಿಕೊಳ್ಳುತ್ತದೆ. ತುಳು ಬಲ್ಲವರಿಗೆ ಇದನ್ನು ಸುಲಭವಾಗಿ ವಿವರಿಸಬಹುದು. ತುಳುವಿನ 'ಬಲ' ಎಂಬುದಕ್ಕೆ ಕನ್ನಡದ 'ಬಾ' ತುಟಿಗೆ ಸರಿಯಾಗಿ ಕೂರುತ್ತದೆ. ಆದರೆ ತುಳುವಿನ 'ಪೋ' ಕನ್ನಡದಲ್ಲಿ 'ಹೋಗು', 'ಪಿಲಿ' ಕನ್ನಡದಲ್ಲಿ 'ಹುಲಿ'; ಅರ್ಥ ಒಂದೇ, ಮೂಲವೂ ಒಂದೇ, ಆದರೆ ಪಕಾರ ಹಕಾರವಾದ್ದರಿಂದ ತೆರೆಯ ಮೇಲೆ ತುಟಿ ಮುಚ್ಚಿದ್ದಾಗ ನಿಮ್ಮ ಬಾಯಿ ತೆರೆದಿರುತ್ತದೆ. ಆಗ ಸಂಭಾಷಣೆ ಬರೆದವರೊಡನೆ ಕುಳಿತು 'ಬಿಡು, ಹೋಗು' ಎಂದೋ 'ಮುಂದೆ ಹೋಗು' ಎಂದೋ ಕೂಡಿಸಲು ಸಾಧ್ಯವೇ ಎಂದು ನೋಡಬೇಕು. ಇಂಥ ಸೂಚನೆಯನ್ನು ವಿನಯದಿಂದ ಕೊಡಬಲ್ಲ ಕಲಾವಿದೆಯನ್ನು ಸ್ಟುಡಿಯೊದವರು ಮತ್ತೆ ಕರೆಯುತ್ತಾರೆ.

ಆಡಿಯೊ ಪುಸ್ತಕದಲ್ಲಿ ಬೇಕಾಗುವುದು ತಾಳ್ಮೆ. ಸ್ಟೀವನ್ಸನ್ ಜೇನ್ ಆಸ್ಟಿನ್ ಅವರ ಹಲವು ಕಾದಂಬರಿಗಳನ್ನು ಓದಿದ್ದಾರೆ. ಅವರು ಓದಿದ ಜಾರ್ಜ್ ಎಲಿಯಟ್‌ರ 'ಮಿಡಲ್‌ಮಾರ್ಚ್' 35 ಗಂಟೆ ಮೀರಿ ನಡೆಯುತ್ತದೆ. ಅಷ್ಟು ಹೊತ್ತು ಒಂದೂರಿನ ಹತ್ತಾರು ಜನರನ್ನು ಒಬ್ಬರೇ ಬೇರೆ ಬೇರೆಯಾಗಿ ಕೇಳಿಸಬೇಕೆಂದರೆ ಧ್ವನಿಯ ಏರಿಳಿತ ಸಾಲದು. ನನ್ನ ಕ್ರಮ ಹೀಗಿದೆ: ಪುಸ್ತಕವನ್ನು ಮೊದಲು ಪೂರ್ತಿ ಓದುತ್ತೇನೆ, ಪ್ರತಿ ಪಾತ್ರಕ್ಕೂ ನೋಟುಪುಸ್ತಕದಲ್ಲಿ ಒಂದು ಪುಟ ಬಿಡುತ್ತೇನೆ, ಅವರ ಮಾತಿನ ವೇಗ, ಉಸಿರು ಎಳೆಯುವ ಜಾಗ, ಮಾತು ಎದೆಯಿಂದ ಬರುತ್ತದೋ ಮೂಗಿನಿಂದಲೋ ಎಂಬುದನ್ನು ಬರೆಯುತ್ತೇನೆ, ಅನಂತರ ಪ್ರತಿ ಪಾತ್ರದ ಎರಡು ವಾಕ್ಯಗಳನ್ನು ದಾಖಲಿಸಿ ಇಡುತ್ತೇನೆ. ಇಪ್ಪತ್ತು ದಿನ ಕಳೆದು ಆ ಪಾತ್ರ ಮತ್ತೆ ಬಂದಾಗ ಆ ತುಣುಕನ್ನು ಕೇಳದೆ ಓದಲು ಕೂರುವುದಿಲ್ಲ. ಗಂಡಸಿನ ಪಾತ್ರಕ್ಕೆ ಧ್ವನಿಯನ್ನು ಬಲವಂತವಾಗಿ ದಪ್ಪ ಮಾಡಬೇಡಿ. ವೇಗ ತಗ್ಗಿಸಿ ಪದಗಳ ನಡುವೆ ಜಾಗ ಕೊಟ್ಟರೆ ಕೇಳುವವರೇ ಉಳಿದದ್ದನ್ನು ಕಲ್ಪಿಸಿಕೊಳ್ಳುತ್ತಾರೆ.

ಅಭ್ಯಾಸಕ್ಕೆ ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನೇ ಆರಿಸಿ. ಭಾರತದಲ್ಲಿ ಲೇಖಕರ ಮರಣಾನಂತರ 60 ವರ್ಷ ಹಕ್ಕು ಇರುತ್ತದೆ. ನಮ್ಮ ನೆಲದ್ದೇ ಆದ ಎರಡು ಪುಸ್ತಕಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. 1901ರಲ್ಲಿ ತೀರಿಕೊಂಡ ನಂದಳಿಕೆಯ ಮುದ್ದಣನ 'ಶ್ರೀರಾಮಾಶ್ವಮೇಧ'ದಲ್ಲಿ ಬರುವ ಮುದ್ದಣ ಮನೋರಮೆಯರ ಸಲ್ಲಾಪವು ಎರಡು ಧ್ವನಿಗಳನ್ನು ಬಿಡಿಸಿ ಕಲಿಯಲು ಉತ್ತಮ. ಹಳಗನ್ನಡದ ಉಚ್ಚಾರವೂ ಹದವಾಗುತ್ತದೆ. ಗುಲ್ವಾಡಿ ವೆಂಕಟರಾಯರು 1899ರಲ್ಲಿ ಪ್ರಕಟಿಸಿದ 'ಇಂದಿರಾಬಾಯಿ' ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾಗಿದೆ. ಹೆಣ್ಣೊಬ್ಬಳೇ ಅದರ ಕೇಂದ್ರ.

ಇನ್ನು ಮನೆಯ ಸ್ಟುಡಿಯೊ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮನೆಯಲ್ಲಿ ದೀರ್ಘ ದಾಖಲೆಯ ಕೆಲಸ ಹಿಡಿಯಬೇಡಿ. ಒಂದು ಜುಲೈಯಲ್ಲಿ ನಾನು ನಲುವತ್ತು ಪುಟ ಓದಿ ಮುಗಿಸಿ, ಹೆಡ್‌ಫೋನಿನಲ್ಲಿ ಕೇಳಿದಾಗ ಪ್ರತಿ ವಿರಾಮದಲ್ಲೂ ಹಂಚಿನ ಮೇಲಿನ ಮಳೆಯಿತ್ತು. ಮಾತಿನ ನಡುವೆ ಕೇಳದ ಸದ್ದು ಮೌನದಲ್ಲಿ ಎದ್ದು ಬರುತ್ತದೆ. ಎಲ್ಲವನ್ನೂ ಅಳಿಸಿ ನವೆಂಬರ್‌ನಲ್ಲಿ ಮತ್ತೆ ಓದಿದೆ. ಬೇಸಗೆಯಲ್ಲೂ ಬೆಳಿಗ್ಗೆ ಹಕ್ಕಿ, ಸಂಜೆ ಜೀರುಂಡೆ. ನನಗೆ ಸರಿಬಂದದ್ದು ಮಧ್ಯಾಹ್ನ ಎರಡರಿಂದ ನಾಲ್ಕು. ಕೋಣೆಯ ಒಂದು ಮೂಲೆಯಲ್ಲಿ ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು, ಎರಡು ಕಡೆ ಕಂಬಳಿ ಇಳಿಬಿಟ್ಟರೆ ಪ್ರತಿಧ್ವನಿ ಸಾಕಷ್ಟು ಅಡಗುತ್ತದೆ. ಫ್ಯಾನು ಬಂದ್ ಮಾಡಲೇಬೇಕು. ಅರ್ಧ ಗಂಟೆಗೊಮ್ಮೆ ಹೊರಗೆ ಬಂದು ಬೆವರು ಒರೆಸಿಕೊಂಡು ಹೋಗಿ. ಹಸಿದು ಕೂರಬೇಡಿ, ಹೊಟ್ಟೆಯ ಸದ್ದನ್ನು ಮೈಕು ಹಿಡಿಯುತ್ತದೆ. ಒಂದು ಗಂಟೆ ಮೊದಲು ಕುಚ್ಚಲಕ್ಕಿ ಗಂಜಿ ಉಂಡರೆ ಹೊಟ್ಟೆಯೂ ಗಂಟಲೂ ಶಾಂತವಾಗಿರುತ್ತವೆ. ಮೈಕಿಗೆ ನೇರವಾಗಿ ಉಸಿರು ಬಡಿಯದಂತೆ ಮುಖವನ್ನು ಸ್ವಲ್ಪ ಓರೆಯಾಗಿಡಿ. 'ಭಯ', 'ಫಲ' ಎಂಬಂಥ ಮಹಾಪ್ರಾಣದ ಪದಗಳಲ್ಲಿ ಬರುವ ಗಾಳಿಯ ಗುದ್ದನ್ನು ಆಮೇಲೆ ತೆಗೆಯುವುದು ಕಷ್ಟ. ಆಡಿಯೊ ಪುಸ್ತಕಗಳ ಅಂತರರಾಷ್ಟ್ರೀಯ ವೇದಿಕೆಯಾದ ಎಸಿಎಕ್ಸ್ ಕೇಳುವ ಮಟ್ಟವನ್ನು ಗುರಿಯಾಗಿಟ್ಟುಕೊಳ್ಳಬಹುದು: ಸರಾಸರಿ ಧ್ವನಿ ಮೈನಸ್ 23ರಿಂದ ಮೈನಸ್ 18 ಡೆಸಿಬೆಲ್ ನಡುವೆ, ಗರಿಷ್ಠ ಮೈನಸ್ 3, ಮಾತಿಲ್ಲದಾಗ ಉಳಿಯುವ ಕೋಣೆಯ ಸದ್ದು ಮೈನಸ್ 60ಕ್ಕಿಂತ ಕೆಳಗೆ.

ಉಚ್ಚಾರದ ಬಗ್ಗೆ ಒಂದು ಮಾತು. ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ ಮನೆಮಾತಾಗಿರುವವರು ತಮ್ಮ ಕನ್ನಡ 'ಪುಸ್ತಕದ ಕನ್ನಡ' ಎಂದು ಘಟ್ಟದ ಮೇಲಿನವರು ಹೇಳುವುದನ್ನು ಕೇಳಿ ಕುಗ್ಗುತ್ತಾರೆ. ಆ ಸ್ಪಷ್ಟತೆ ಬಾನುಲಿಗೂ ಆಡಿಯೊ ಪುಸ್ತಕಕ್ಕೂ ದೊಡ್ಡ ಆಸ್ತಿ. ಅದನ್ನು ಬಿಟ್ಟುಕೊಡದೆ, ಮೈಸೂರು ಮತ್ತು ಧಾರವಾಡದ ಮಾತಿನ ಧಾಟಿಯನ್ನು ಹೆಚ್ಚುವರಿಯಾಗಿ ಕಲಿಯಿರಿ.

ಕಾಗದ, ಗಂಟಲು, ವಯಸ್ಸು

ಧ್ವನಿಯ ಕೆಲಸವನ್ನು ಬಾಯಿಮಾತಿನ ಮೇಲೆ ಒಪ್ಪಿಕೊಳ್ಳಬೇಡಿ. ನನಗೆ ಒಮ್ಮೆ ಒಂದು ಸಂಸ್ಥೆಯವರು ಒಂದು ಜಾಹೀರಾತಿಗೆಂದು ಓದಿಸಿದ್ದನ್ನು ಮೂರು ವರ್ಷ ಬೇರೆ ಬೇರೆ ಕಡೆ ಬಳಸಿದರು. ಕಾಗದ ಇಲ್ಲದ್ದರಿಂದ ಕೇಳಲು ದಾರಿಯಿರಲಿಲ್ಲ. ಎಲ್ಲಿ, ಎಷ್ಟು ಕಾಲ, ಯಾವ ಮಾಧ್ಯಮದಲ್ಲಿ ಬಳಸುತ್ತಾರೆ ಎಂಬುದು ಒಪ್ಪಂದದಲ್ಲಿರಲಿ. ನಿಮ್ಮ ಧ್ವನಿಯಿಂದ ಯಂತ್ರಧ್ವನಿ ತಯಾರಿಸುವಂತಿಲ್ಲ ಎಂಬ ಸಾಲನ್ನು ಈಗ ಕಡ್ಡಾಯವಾಗಿ ಸೇರಿಸಿ. ಬ್ರಿಟನ್ನಿನ ಕಲಾವಿದರ ಸಂಘವಾದ ಈಕ್ವಿಟಿ 2022ರಲ್ಲೇ ಈ ಬಗ್ಗೆ ಆಂದೋಲನ ಆರಂಭಿಸಿತು. ನಮ್ಮಲ್ಲಿ 2024ರಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಯಂತ್ರದಿಂದ ನಕಲು ಮಾಡುವುದರ ವಿರುದ್ಧ ಮಧ್ಯಂತರ ರಕ್ಷಣೆ ನೀಡಿತು.

ಗಂಟಲು ಕಟ್ಟಿದಾಗ ಪಿಸುಮಾತಿನಲ್ಲಿ ಕೆಲಸ ಸಾಗಿಸಬೇಡಿ, ಅದರಿಂದ ಧ್ವನಿತಂತುಗಳಿಗೆ ಶ್ರಮ ಹೆಚ್ಚಾಗಬಹುದು, ಮೌನವೇ ಒಳ್ಳೆಯದು. ಮೂರು ವಾರ ಕಳೆದರೂ ಧ್ವನಿ ಒಡೆದೇ ಇದ್ದರೆ ಕಿವಿ, ಮೂಗು, ಗಂಟಲಿನ ತಜ್ಞರನ್ನು ಕಾಣಿರಿ.

ನಲುವತ್ತು ದಾಟಿದ ನಟಿಗೆ ತಾಯಿಯ ಪಾತ್ರ, ಐವತ್ತು ದಾಟಿದರೆ ಅಜ್ಜಿಯ ಪಾತ್ರ ಎಂಬ ನಮ್ಮ ವಾಡಿಕೆ ನನಗೆ ನೋವು ತರುತ್ತದೆ. 2019ರಲ್ಲಿ, ತಮ್ಮ 62ನೆಯ ವಯಸ್ಸಿನಲ್ಲಿ, ಸ್ಟೀವನ್ಸನ್ ಆಲ್ಮೈಡಾದಲ್ಲಿ 'ದಿ ಡಾಕ್ಟರ್' ನಾಟಕದ ಪ್ರಧಾನ ಪಾತ್ರವನ್ನು ಹೊತ್ತರು. ಆರ್ಥರ್ ಶ್ನಿಟ್ಸ್‌ಲರ್‌ನ ಮೂಲ ನಾಟಕದಲ್ಲಿ ಆ ವೈದ್ಯ ಗಂಡಸು. ನಿಮ್ಮ ತಂಡದ ನಿರ್ದೇಶಕರು ಮುಂದಿನ ನಾಟಕವನ್ನು ಆರಿಸುವ ಮೊದಲು ಅವರ ಬಳಿ ಹೋಗಿ, ಇದರ ಯಾವ ಗಂಡು ಪಾತ್ರವನ್ನು ಹೆಣ್ಣಾಗಿ ಓದಬಹುದೆಂದು ಕೇಳಿ. ಕೇಳುವಾಗ ಆ ಪಾತ್ರದ ಒಂದು ದೃಶ್ಯವನ್ನು ಬಾಯಿಪಾಠ ಮಾಡಿಕೊಂಡು ಹೋಗಿ.

ಈ ವಾರ 'ಇಂದಿರಾಬಾಯಿ'ಯ ಒಂದು ಪುಟದಿಂದ ಆರಂಭಿಸಬಹುದು. ಅದನ್ನು ಸಭಾಂಗಣದ ಕೊನೆಯ ಕುರ್ಚಿಗೆ ಒಮ್ಮೆ, ಮೊಳದ ದೂರದ ಫೋನಿಗೆ ಒಮ್ಮೆ, ಗೇಣಿನ ದೂರದ ಮೈಕಿಗೆ ಒಮ್ಮೆ ಓದಿ. ಮೂರನ್ನೂ ಒಂದೇ ದಿನ ಮಾಡಿ, ಮರುದಿನ ಬೆಳಿಗ್ಗೆ ಕೇಳಿ.